ಮಾಡ್ಯೂಲ್ ಎಐ ಬರೀಲಿ, ಮಿಷನ್ ಪಕ್ಕ ಯಾರು ನಿಂತ್ಕೋತಾರೆ?

ಪ್ರಶ್ನೆ: ಸರ್, ಪೀಣ್ಯದ ಒಂದು ಆಟೋ ಕಾಂಪೊನೆಂಟ್ ಕಂಪನೀಲಿ ಎಚ್‌ಆರ್ ಮತ್ತೆ ಟ್ರೈನಿಂಗ್ ಎರಡೂ ನಾನೇ ನೋಡ್ಕೋತೀನಿ. ಸುಮಾರು 300 ಜನ ಇದ್ದೀವಿ, ಅರ್ಧಕ್ಕರ್ಧ ಕಾಂಟ್ರಾಕ್ಟ್. ನಮ್ಮ ಎಂಡಿ ಯಾವ್ದೋ ಸೆಮಿನಾರ್‌ಗೆ ಹೋಗಿ ಬಂದು, ಎರಡು ವಾರದಲ್ಲಿ 40 ಟ್ರೈನಿಂಗ್ ಮಾಡ್ಯೂಲ್ ಎಐ ಕೈಲಿ ಮಾಡ್ಸಿ, ಕನ್ನಡ ಹಿಂದಿ ಎರಡರಲ್ಲೂ ಬೇಕು, ಕ್ವಿಜ್ ಸ್ಕೋರ್ ನೇರ ಅಪ್ರೈಸಲ್‌ಗೆ ಹೋಗ್ಲಿ, ಇನ್ಮೇಲೆ ಹೊರಗಿನ ಟ್ರೈನರ್ ಖರ್ಚು ಬೇಡ ಅಂದಿದ್ದಾರೆ. ವೆಂಡರ್ ಒಬ್ರು ಬೇರೆ ಬಂದು ಕ್ಯಾಮೆರಾದಲ್ಲಿ ಮುಖ ನೋಡಿ ಯಾರು ಗಮನ ಕೊಡ್ತಿದ್ದಾರೆ ಯಾರು ಇಲ್ಲ ಅಂತ ಹೇಳೋ ಸಾಫ್ಟ್‌ವೇರ್ ತೋರ್ಸಿ ಹೋದ್ರು. ಎಐ ಬೇಡ ಅಂತ ನಾನು ಹೇಳ್ತಿಲ್ಲ, ದಿನಾ ಬಳಸ್ತೀನಿ. ಆದ್ರೆ ಎಲ್ಲೀವರೆಗೆ ಸರಿ, ಎಲ್ಲಿಂದ ತಪ್ಪು? ಎಂಡಿಗೆ ಏನಂತ ಹೇಳ್ಲಿ?

ಉತ್ತರ: ಮೇಡಂ, ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮ ಎಂಡಿ ಹೇಳಿದ್ರಲ್ಲಿ ಅರ್ಧ ಸರಿ ಇದೆ. ನಾನು ಟ್ರೈನಿಂಗ್ ಡಿಪಾರ್ಟ್‌ಮೆಂಟ್‌ಗೆ ಬಂದ ಹೊಸದ್ರಲ್ಲಿ ಅರ್ಧ ಗಂಟೆ ಕ್ಲಾಸ್‌ಗೆ ಸ್ಲೈಡ್ ಮಾಡೋಕೆ ಮೂರು ದಿನ ಕೂರ್ತಿದ್ದೆ, ಅದ್ರಲ್ಲಿ ಎರಡೂವರೆ ದಿನ ಹಳೇ ಫೈಲ್ ಹುಡುಕೋದು, ಟೈಪ್ ಮಾಡೋದು, ಅಲೈನ್‌ಮೆಂಟ್ ಸರಿ ಮಾಡೋದು. ಅದು ಕಲಿಸೋ ಕೆಲಸ ಅಲ್ಲವೇ ಅಲ್ಲ, ಗುಮಾಸ್ತೆ ಕೆಲಸ, ಅದನ್ನ ಎಐ ಮಾಡಿದ್ರೆ ಸಂತೋಷವಾಗಿ ಬಿಟ್ಕೊಡಿ. ತೊಂದ್ರೆ ಶುರುವಾಗೋದು ಅದೇ ಜೋಶ್‌ನಲ್ಲಿ ಇನ್ನೆರಡು ಕೆಲಸಾನೂ ಅದರ ಕೈಗೆ ಕೊಟ್ಟಾಗ. ಒಂದು, ಕಲಿಯೋನು ತಾನೇ ತಲೆ ಕೆಡಿಸ್ಕೊಂಡು ಮಾಡ್ಬೇಕಾದ ಕೆಲಸ. ಇನ್ನೊಂದು, ಇವನು ಕಲ್ತಿದ್ದಾನಾ ಇಲ್ವಾ ಅಂತ ತೀರ್ಪು ಕೊಡೋ ಕೆಲಸ. ನಿಮ್ಮ ಪ್ರಶ್ನೇಲಿ ಇರೋ ಎಲ್ಲಾ ತಕರಾರನ್ನೂ ನಾನು ಈ ಗೆರೆ ಇಟ್ಕೊಂಡೇ ನೋಡ್ತೀನಿ.

ಮೊದ್ಲು ಕನ್ನಡದ ವಿಷ್ಯ, ಯಾಕಂದ್ರೆ ಎಲ್ಲಾರೂ ಇದನ್ನ ಸುಲಭ ಅಂದ್ಕೊಂಡಿರ್ತಾರೆ, ನನ್ನ ಅನುಭವದಲ್ಲಿ ಇದೇ ಹೆಚ್ಚು ಅಪಾಯದ್ದು.

ಒಂದು ಶೀಟ್ ಮೆಟಲ್ ಯೂನಿಟ್‌ನಲ್ಲಿ ಸೇಫ್ಟಿ ಮ್ಯಾನುಯಲ್ ಪೂರ್ತಿ ಇಂಗ್ಲಿಷ್‌ನಿಂದ ಮಿಷನ್ ಅನುವಾದಕ್ಕೆ ಹಾಕಿದ್ರು. ಬಂದ ಕನ್ನಡ ನೋಡೋಕೆ ಚಂದ ಇತ್ತು, ಒಂದು ಕಾಗುಣಿತ ತಪ್ಪಿಲ್ಲ, ಒತ್ತಕ್ಷರ ಎಲ್ಲಾ ಸರಿ. ಅಲ್ಲಿ ಪ್ರೆಸ್ ಬ್ರೇಕ್ ಇತ್ತು, ಶೀಟ್ ಬಗ್ಗಿಸೋ ಮಿಷನ್ ಅದು ನಿಮ್ಗೂ ಗೊತ್ತಿರತ್ತೆ. ಮ್ಯಾನುಯಲ್‌ನಲ್ಲಿ ಅದರ ಹೆಸರು ಬಂದ ಕಡೆ ಎಲ್ಲಾ 'ಬ್ರೇಕ್ ಒತ್ತಿ' ಅಂತ ಆಗೋಗಿತ್ತು. ಮಿಷನ್ ಕ್ಲೀನ್ ಮಾಡೋ ಮುಂಚೆ ಏನ್ಮಾಡ್ಬೇಕು ಅನ್ನೋ ಪುಟದಲ್ಲಿ 'ಬ್ರೇಕ್ ಒತ್ತಿ' ಅಂತ ಇದ್ರೆ ಹೊಸ ಹುಡುಗ ಏನು ಹುಡುಕ್ತಾನೆ? ಪೆಡಲ್ ಹುಡುಕ್ತಾನೆ. ಪೆಡಲ್ ಒತ್ತಿದ್ರೆ ಆ ಮಿಷನ್‌ನಲ್ಲಿ ಮೇಲಿನ ಟೂಲ್ ಕೆಳಗೆ ಬರತ್ತೆ. ಪುಣ್ಯಕ್ಕೆ ಪ್ರಿಂಟ್‌ಗೆ ಹೋಗೋ ಮುಂಚೆ ಒಬ್ಬ ಆಪರೇಟರ್ ಕಣ್ಣಿಗೆ ಬಿತ್ತು, ಅವನು ಜೋರಾಗಿ ನಕ್ಕ, ಆಮೇಲೆ ಯಾರೂ ನಗ್ಲಿಲ್ಲ.

ಅದೇ ಮ್ಯಾನುಯಲ್‌ನಲ್ಲಿ ಕರೆಂಟ್ ಇರೋ ವೈರ್ 'ಜೀವಂತ ತಂತಿ' ಆಗಿತ್ತು. ಮಿಷನ್ ಗಾರ್ಡ್ ಅನ್ನೋದು 'ಕಾವಲುಗಾರ' ಆಗಿ, ಕಾವಲುಗಾರ ಇಲ್ಲದೆ ಯಂತ್ರ ಚಲಾಯಿಸಬಾರದು ಅಂತ ಬಂದಿತ್ತು, ಹಂಗಾದ್ರೆ ಗೇಟಲ್ಲಿರೋ ಸೆಕ್ಯುರಿಟಿ ಅಣ್ಣನ್ನ ಕರ್ಕೊಂಡು ಬರ್ಬೇಕಾ ಅಂತ ಹುಡುಗ್ರು ತಮಾಷೆ ಮಾಡ್ತಿದ್ರು. ಈಗಿನ ಚಾಟ್ ಮಾಡೆಲ್‌ಗಳು ಇಷ್ಟು ಬಾಲಿಶ ತಪ್ಪು ಕಮ್ಮಿ ಮಾಡ್ತವೆ, ಒಪ್ಕೋತೀನಿ. ಆದ್ರೆ ನಗು ಬರೋ ತಪ್ಪಾದ್ರೆ ಯಾರಾದ್ರೂ ಹಿಡೀತಾರೆ, ನಗು ಬರದೇ ಇರೋ ತಪ್ಪು ಹಂಗೇ ಗೋಡೆ ಮೇಲೆ ಹೋಗತ್ತೆ. ಉದಾಹರಣೆಗೆ ಪ್ರೆಷರ್ ಗೇಜ್ ಸೊನ್ನೆ ತೋರಿಸದ ಹೊರತು ವಾಲ್ವ್ ತೆರೆಯಬೇಡಿ ಅನ್ನೋ ವಾಕ್ಯ. ವ್ಯಾಕರಣ ಸರಿ, ಅರ್ಥಾನೂ ಸರಿ, ಆದ್ರೆ ಒಂದು ಸಾಲಲ್ಲಿ ಎರಡು 'ಇಲ್ಲ' ಇಟ್ರೆ ನೈಟ್ ಶಿಫ್ಟ್ ಮೂರು ಗಂಟೇಲಿ ಓದೋನಿಗೆ ತೆಗೀಬೇಕಾ ಬೇಡ್ವಾ ಅಂತ ಒಂದು ಕ್ಷಣ ಗೊಂದ್ಲ ಆಗತ್ತೆ. ನಮ್ಮ ಫೋರ್‌ಮನ್ ಆಗಿದ್ರೆ ಹೆಂಗೆ ಹೇಳ್ತಿದ್ರು? 'ಗೇಜ್ ಮುಳ್ಳು ಸೊನ್ನೆಗೆ ಬಂತಾ ನೋಡು. ಬಂದ್ಮೇಲೆ ವಾಲ್ವ್ ತೆಗಿ.' ಮುಗೀತು.

ಇದಕ್ಕೆ ನಾನು ಮಾಡೋದು ಇಷ್ಟು. ಒಂದು ನೋಟ್‌ಬುಕ್‌ನಲ್ಲಿ ನಿಮ್ಮ ಫ್ಲೋರ್‌ನ ಒಂದು 60-70 ಪದ ಬರ್ಕೊಳ್ಳಿ, ಅಲ್ಲಿ ಜನ ನಿಜವಾಗ್ಲೂ ಆಡೋ ಪದ, ಜಾಬ್, ಚಕ್, ಡೈ, ಬರ್, ವರ್ನಿಯರ್, ಕೂಲಂಟ್, ಅರ್ಥಿಂಗ್, ಗಾರ್ಡ್, ರಿಜೆಕ್ಷನ್, ರೀವರ್ಕ್. ಇವನ್ನ ಅನುವಾದ ಮಾಡ್ಬೇಡ, ಹಿಂಗೇ ಕನ್ನಡ ಅಕ್ಷರದಲ್ಲಿ ಬರಿ ಅಂತ ಪ್ರತಿ ಸಲ ಎಐಗೆ ಆ ಪಟ್ಟಿ ಕೊಡಿ, ಜೊತೆಗೆ ಒಂದು ವಾಕ್ಯಕ್ಕೆ ಒಂದೇ ಕೆಲಸ, 'ಹೊರತು' 'ಅಲ್ಲದೆ' ಬಳಸ್ಬೇಡ ಅಂತಾನೂ ಹೇಳಿ. ಅರ್ಧ ರಗಳೆ ಅಲ್ಲೇ ಮುಗಿಯತ್ತೆ. ಆಮೇಲೆ ಬಂದ ಕನ್ನಡವನ್ನ ಬೇರೆ ಹೊಸ ಚಾಟ್‌ನಲ್ಲಿ ಹಾಕಿ ವಾಪಸ್ ಇಂಗ್ಲಿಷ್ ಮಾಡ್ಸಿ, ಮೂಲದ ಜೊತೆ ಪಕ್ಕ ಪಕ್ಕ ಇಟ್ಟು ನಂಬರ್‌ಗಳು ಮತ್ತೆ 'ಬೇಡ' 'ಕೂಡ್ದು' ಮಾತ್ರ ನೋಡಿ. ಟಾರ್ಕ್ 45 ಇದ್ದಿದ್ದು 54 ಆಗಿದ್ರೆ ಅಲ್ಲಿ ಸಿಗತ್ತೆ. ಕೊನೇದು ಎಲ್ಲದಕ್ಕಿಂತ ಮುಖ್ಯ, ಇದನ್ನ ಎಸಿ ರೂಮಲ್ಲಿ ಕೂತು ಮಾಡೋಕಾಗಲ್ಲ. ಮಿಷನ್ ಪವರ್ ಆಫ್ ಮಾಡಿ ಲಾಕ್ ಹಾಕಿ, ಒಬ್ಬ ಆಪರೇಟರ್ ಕೈಗೆ ಆ ಹಾಳೆ ಕೊಟ್ಟು ಜೋರಾಗಿ ಓದ್ತಾ ಓದ್ತಾ ಕೈ ಇಟ್ಟು ತೋರ್ಸು ಅನ್ನಿ. ಎಲ್ಲಿ ಅವನ ಕೈ ನಿಲ್ಲತ್ತೋ ಅಲ್ಲಿ ನಿಮ್ಮ ವಾಕ್ಯ ಕೆಟ್ಟಿದೆ. ಅವನಿಗೆ ಬುದ್ಧಿ ಇಲ್ಲ ಅಂತಲ್ಲ, ವಾಕ್ಯ ಕೆಟ್ಟಿದೆ. ಓಕೆ ಆದ್ಮೇಲೆ ಆ ಹಾಳೆ ಕೆಳಗೆ ಯಾರು ಚೆಕ್ ಮಾಡಿದ್ರು, ಯಾವತ್ತು ಅಂತ ಒಬ್ಬ ಮನುಷ್ಯನ ಸಹಿ ಇರ್ಲಿ. 'ಎಐ ಜನರೇಟೆಡ್' ಅನ್ನೋದು ಸಹಿ ಅಲ್ಲ.

ಹಿಂದಿ ವಿಷ್ಯಕ್ಕೆ ಒಂದೇ ಮಾತು. ಕಾಂಟ್ರಾಕ್ಟ್‌ನಲ್ಲಿ ಒಡಿಶಾ ಹುಡುಗ್ರಿದ್ರೆ ಅವ್ರು ಹಿಂದಿ ಮಾತಾಡ್ತಾರೆ ಅಂದ್ಮಾತ್ರಕ್ಕೆ ಹಿಂದಿ ಓದ್ತಾರೆ ಅಂತ ಅಲ್ಲ, ನಮ್ಮ ಕಡೆ ಎಷ್ಟೋ ಜನ ತಮಿಳು ಮಾತಾಡ್ತಾರೆ ಓದಕ್ಕೆ ಬರಲ್ಲ ಅಲ್ವಾ ಹಂಗೇ. ಅವ್ರಿಗೆ ಒಡಿಯಾದಲ್ಲೇ ಒಂದು ಆಡಿಯೋ ಮತ್ತೆ ನಿಮ್ಮ ಮಿಷನ್‌ದೇ ಫೋಟೋ ಸಾಕು, ಎಐ ಬಿಡಿಸಿದ ಮಿಷನ್ ಚಿತ್ರ ಮಾತ್ರ ಬೇಡವೇ ಬೇಡ. ಅದ್ರಲ್ಲಿ ಎಮರ್ಜೆನ್ಸಿ ಬಟನ್ ಎಲ್ಲಿ ಬೇಕಾದ್ರೂ ಇರತ್ತೆ.

ಇನ್ನು ಪೋಶ್ ಮಾಡ್ಯೂಲ್, ಅಂದ್ರೆ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ತಡೆಯೋದರ ಟ್ರೈನಿಂಗ್. 40ರ ಪಟ್ಟೀಲಿ ಅದು ಇದ್ದೇ ಇರತ್ತೆ, ಯಾಕಂದ್ರೆ 2013ರ ಕಾಯ್ದೆ ಪ್ರಕಾರ ಅರಿವು ಮೂಡಿಸೋ ಕಾರ್ಯಕ್ರಮ ಮಾಡೋದು ಕಂಪನಿ ಕರ್ತವ್ಯ. ಇದನ್ನ ಎಐಗೆ ಸುಮ್ನೆ 'ಒಂದು ಟ್ರೈನಿಂಗ್ ಬರಿ' ಅಂದ್ರೆ ಅದು ಅಮೆರಿಕದ ಆಫೀಸ್ ಥರ ಬರ್ಕೊಡತ್ತೆ, ನಿಮ್ಮ ಮ್ಯಾನೇಜರ್‌ಗೆ ಹೇಳಿ, ಎಚ್‌ಆರ್ ಹಾಟ್‌ಲೈನ್‌ಗೆ ಫೋನ್ ಮಾಡಿ ಅಂತ. ನಮ್ಮಲ್ಲಿ ದೂರು ಹೋಗ್ಬೇಕಾಗಿದ್ದು ಇಂಟರ್ನಲ್ ಕಮಿಟಿಗೆ, 10 ಅಥವಾ ಹೆಚ್ಚು ಜನ ಇರೋ ಕಡೆ ಅದು ಇರಲೇಬೇಕು, ಅಧ್ಯಕ್ಷೆ ಸೀನಿಯರ್ ಹೆಣ್ಣುಮಗಳು, ಅರ್ಧದಷ್ಟಾದ್ರೂ ಸದಸ್ಯರು ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ದೂರು ಕೊಡೋಕೆ ಘಟನೆ ಆಗಿ 3 ತಿಂಗಳು, ಕಾರಣ ಇದ್ರೆ ಕಮಿಟಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ ಮುಗಿಸೋಕೆ 90 ದಿನ. ಈ 3 ತಿಂಗಳು ಮತ್ತೆ 90 ದಿನ ಕಿವಿಗೆ ಒಂದೇ ಥರ ಕೇಳ್ಸತ್ತೆ ನೋಡಿ, ಎಐ ಮಾಡಿದ ಡ್ರಾಫ್ಟ್‌ಗಳಲ್ಲಿ ಇವೆರಡೂ ಅದಲು ಬದಲಾಗಿರೋದನ್ನ ನಾನು ಒಂದಕ್ಕಿಂತ ಹೆಚ್ಚು ಸಲ ತಿದ್ದಿದ್ದೀನಿ, ಹೆಚ್ಚುವರಿ 3 ತಿಂಗಳು ಅಂತೂ ಎಷ್ಟೋ ಸಲ ಮಾಯ. ಆ ಒಂದು ಸಾಲು ನಂಬ್ಕೊಂಡು ಲೈನಲ್ಲಿ ಕೆಲಸ ಮಾಡೋ ಒಬ್ಬ ಹೆಣ್ಣುಮಗಳು 'ಅಯ್ಯೋ ಟೈಮ್ ಮುಗೀತು' ಅಂತ ಸುಮ್ನಾಗಿಬಿಟ್ರೆ? ಕಾನೂನು ವಿಷ್ಯಕ್ಕೆ ಕಾಯ್ದೆಯ ಪಠ್ಯವನ್ನೇ ಮುಂದಿಟ್ಟು ಇದರಿಂದ ಮಾತ್ರ ತಗೊಂಡು ಬರಿ ಅನ್ನಿ, ಆಮೇಲೆ ನಿಮ್ಮ ಕಮಿಟಿಯ ಹೊರಗಿನ ಸದಸ್ಯರಿಗೆ ಓದೋಕೆ ಕೊಡಿ, ಅವ್ರು ಇರೋದೇ ಅದಕ್ಕೆ.

ಈಗ ಕಲಿಯೋನ ಕಡೆಗೆ ಬರ್ತೀನಿ, ಇಲ್ಲಿ ಸ್ವಲ್ಪ ಹೊತ್ತು ನಿಲ್ಬೇಕು.

ಟರ್ಕಿಯ ಒಂದು ಹೈಸ್ಕೂಲ್‌ನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು, ಗಣಿತ ಪ್ರಾಕ್ಟೀಸ್‌ಗೆ. ಕೆಲವ್ರಿಗೆ ಜಿಪಿಟಿ-4 ಹಂಗೇ ಕೊಟ್ರು, ಇನ್ನು ಕೆಲವ್ರಿಗೆ ಉತ್ತರ ನೇರ ಹೇಳದೆ ಸುಳಿವು ಮಾತ್ರ ಕೊಡೋ ಹಾಗೆ ಕಟ್ಟಿದ ಟ್ಯೂಟರ್, ಉಳಿದವ್ರಿಗೆ ಬರೀ ಪುಸ್ತಕ. ಪ್ರಾಕ್ಟೀಸ್ ಮಾಡೋವಾಗ ಎಐ ಇದ್ದೋರು ಎಲ್ಲಾ ಜೋರು, ಹಂಗೇ ಕೊಟ್ಟೋರು 48 ಪರ್ಸೆಂಟ್, ಟ್ಯೂಟರ್ ಇದ್ದೋರು 127 ಪರ್ಸೆಂಟ್ ಹೆಚ್ಚು ಅಂಕ. ಆಮೇಲೆ ಎಐ ಕಿತ್ಕೊಂಡು ಪರೀಕ್ಷೆ ಇಟ್ರು. ಹಂಗೇ ಕೊಟ್ಟೋರು ಪುಸ್ತಕದೋರಿಗಿಂತ 17 ಪರ್ಸೆಂಟ್ ಕೆಳಗೆ. ಸುಳಿವಿನ ಟ್ಯೂಟರ್ ಇದ್ದೋರಿಗೆ ಆ ನಷ್ಟ ಹೆಚ್ಚೂಕಮ್ಮಿ ಆಗ್ಲಿಲ್ಲ. ಶಾಲೆ ಮಕ್ಕಳ ಕಥೆ ಫ್ಯಾಕ್ಟರಿಗೆ ಯಾಕೆ ಅಂತೀರಾ? ಈಗ ನಿಮ್ಮ ಅಪ್ರೆಂಟಿಸ್ ಹುಡುಗ ಸಿಎನ್‌ಸಿಲಿ, ಅಂದ್ರೆ ಕಂಪ್ಯೂಟರ್ ನಡೆಸೋ ಮಿಷನ್‌ನಲ್ಲಿ, ಅಲಾರಂ ಬಂದ ತಕ್ಷಣ ಫೋಟೋ ಹೊಡೆದು ಬಾಟ್‌ಗೆ ಹಾಕ್ತಾನೆ, ಅದು ಹೇಳತ್ತೆ, ಅವನು ಮಾಡ್ತಾನೆ, ಮಿಷನ್ ಓಡತ್ತೆ. ಸೂಪರ್‌ವೈಸರ್ ಖುಷಿ. ಆರು ತಿಂಗಳಾದ್ಮೇಲೆ ನೆಟ್ ಇಲ್ದೇ ಇರೋ ಒಂದು ರಾತ್ರಿ ಅದೇ ಅಲಾರಂ ಬಂದಾಗ ಅವನ ತಲೇಲಿ ಏನೂ ಇರಲ್ಲ, ಯಾಕಂದ್ರೆ ತಲೆಗೆ ಹೋಗೇ ಇರ್ಲಿಲ್ಲ.

ಆದ್ರೆ ಇದರ ಇನ್ನೊಂದು ಮುಖಾನೂ ಹೇಳ್ಬೇಕು, ಇಲ್ಲಾಂದ್ರೆ ನಾನು ಹಳೇ ಕಾಲದವ್ನು ಅಂತೀರ. ಒಂದು ಸಾಫ್ಟ್‌ವೇರ್ ಕಂಪನಿಯ ಕಸ್ಟಮರ್ ಸಪೋರ್ಟ್‌ನಲ್ಲಿ 5 ಸಾವಿರಕ್ಕೂ ಹೆಚ್ಚು ಜನರ ಕೆಲಸ ನೋಡಿ 2023ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಬರೆದ ಪ್ರಬಂಧ ಇದೆ. ಎಐ ಸಲಹೆ ಬಂದ್ಮೇಲೆ ಸರಾಸರಿ 14 ಪರ್ಸೆಂಟ್ ಹೆಚ್ಚು ಸಮಸ್ಯೆ ಬಗೆಹರಿಸಿದ್ರು, ಹೊಸಬರು ಮತ್ತೆ ಕಮ್ಮಿ ಕೌಶಲ ಇರೋರು 34 ಪರ್ಸೆಂಟ್, ಪಳಗಿದೋರಿಗೆ ಹೆಚ್ಚೇನೂ ಲಾಭ ಇಲ್ಲ. ನಂಗೆ ಅದ್ರಲ್ಲಿ ಇಷ್ಟ ಆಗಿದ್ದು ಬೇರೆ ವಿಷ್ಯ, ಆ ಸಾಫ್ಟ್‌ವೇರ್ ಕೆಟ್ಟು ನಿಂತ ಹೊತ್ತಲ್ಲೂ ಅದನ್ನ ಬಳಸಿ ಪಳಗಿದವರು ಮುಂಚೆಗಿಂತ ಚೆನ್ನಾಗೇ ಮಾಡ್ತಿದ್ರು, ಅಂದ್ರೆ ಸ್ವಲ್ಪ ಕಲ್ತಿದ್ರು. ಯಾಕಿರಬಹುದು? ಆ ಸಲಹೆಗಳು ಅದೇ ಕಂಪನಿಯ ಒಳ್ಳೇ ಕೆಲಸಗಾರರ ಮಾತಿಂದ ಹುಟ್ಟಿದ್ದು, ತಗೋಬೇಕಾ ಬಿಡ್ಬೇಕಾ ಅನ್ನೋದು ಕೂತೋನ ಕೈಲೇ ಇತ್ತು. ಹಂಗಾಗಿ ಎಐ ಕೊಟ್ರೆ ಕಲೀತಾರಾ ಕೆಡ್ತಾರಾ ಅನ್ನೋ ಪ್ರಶ್ನೇನೇ ತಪ್ಪು, ಹೆಂಗೆ ಕೊಟ್ರಿ ಅನ್ನೋದು ಕೇಳ್ಬೇಕು.

ನಾನು ಕೊಡೋ ರೀತಿ ಹೇಳ್ತೀನಿ. ಟ್ರೈನಿಂಗ್ ಬಾಟ್‌ಗೆ ಒಂದೇ ನಿಯಮ, ಅದು ಮೊದ್ಲು ಕೇಳ್ಬೇಕು, ಆಮೇಲೆ ಹೇಳ್ಬೇಕು. ಅಲಾರಂ ನಂಬರ್ ಹಾಕಿದ್ರೆ 'ನೀನು ಏನು ನೋಡ್ದೆ? ಯಾವ ಎರಡು ಕಾರಣ ಇರಬಹುದು?' ಅಂತ ಕೇಳತ್ತೆ, ಹುಡುಗ ತನ್ನ ಊಹೆ ಬರೆದ್ಮೇಲೆ ಸುಳಿವು, ಎರಡು ಸಲ ತಪ್ಪಿದ್ಮೇಲೆ ಮೆಂಟೆನೆನ್ಸ್‌ನವ್ರನ್ನ ಕರಿ ಅಂತ ಹೇಳತ್ತೆ. ಮೊದಲ ವಾರ ಹುಡುಗ್ರು ಬೈಕೋತಾರೆ, ಬೈಕೊಳ್ಳಲಿ. ಆದ್ರೆ ಇದು ಟ್ರೈನಿಂಗ್ ಟೈಮ್‌ನಲ್ಲಿ ಮಾತ್ರ, ಪ್ರೊಡಕ್ಷನ್ ನಿಂತಿರೋವಾಗ ಅಥವಾ ಯಾರ ಕೈಯಾದ್ರೂ ಸಿಕ್ಕಾಕ್ಕೊಂಡಿರೋವಾಗ ಬಾಟ್ ಜೊತೆ ರಸಪ್ರಶ್ನೆ ಆಡ್ತಾ ಕೂರೋಕಾಗಲ್ಲ, ಆಗ ಮನುಷ್ಯನ್ನ ಕೂಗೋದೇ.

ಇನ್ನೊಂದು ಒಳ್ಳೇ ಉಪಯೋಗ ಇದೆ, ಯಾರೂ ಅಷ್ಟು ಮಾಡಲ್ಲ. ಕಲ್ತಿದ್ದು ದಿನಗಳೆದಂತೆ ಹೆಂಗೆ ಮರ್ತು ಹೋಗತ್ತೆ ಅಂತ ಎಬಿಂಗ್‌ಹೌಸ್ ಅನ್ನೋ ಜರ್ಮನಿಯವ್ನು 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದಿದ್ದಾನೆ. ಮತ್ತೆ ಮತ್ತೆ ಓದೋದಕ್ಕಿಂತ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಂಡ್ರೆ ಹೆಚ್ಚು ದಿನ ನೆನಪಿರತ್ತೆ ಅಂತ ರೋಡಿಗರ್ ಮತ್ತೆ ಕಾರ್ಪಿಕ್ 2006ರಲ್ಲಿ ತೋರಿಸಿದ್ರು. ಇದೆಲ್ಲಾ ನಮಗೆ ಗೊತ್ತಿತ್ತು, ಮಾಡೋಕೆ ಟೈಮ್ ಇರ್ಲಿಲ್ಲ, ಒಂದು ವಿಷ್ಯಕ್ಕೆ 30 ಬೇರೆ ಬೇರೆ ಪ್ರಶ್ನೆ ಯಾರು ಬರೀತಾರೆ? ಈಗ ಎಐ ಬರೀತದೆ. ಟ್ರೈನಿಂಗ್ ಆದ ಎರಡನೇ ದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ, ಶಿಫ್ಟ್ ಶುರುವಾಗೋ ಮುಂಚೆ ನಿಂತ್ಕೊಂಡೇ ಮಾಡೋ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಎರಡೆರಡೇ ಪ್ರಶ್ನೆ ಕೇಳಿ, ಬಾಯಲ್ಲೇ ಉತ್ತರ ಬರ್ಲಿ. ಹೊಸ ಸೂಪರ್‌ವೈಸರ್‌ಗಳಿಗೆ ರಜೆ ಇಲ್ಲ ಅಂತ ಹೇಳೋದು, ಲೇಟಾಗಿ ಬಂದವ್ನನ್ನ ಎಲ್ಲರ ಮುಂದೆ ಬಯ್ಯದೆ ಮಾತಾಡೋದು ಇಂಥದ್ದಕ್ಕೂ ಬಾಟ್ ಜೊತೆ ಪ್ರಾಕ್ಟೀಸ್ ಮಾಡ್ಸಬಹುದು. ಅಲ್ಲಿ ಹತ್ತು ಸಲ ತಪ್ಪು ಮಾಡಿದ್ರೂ ಯಾರ ಮರ್ಯಾದೇನೂ ಹೋಗಲ್ಲ. ಆ ಚಾಟ್ ಅವ್ರ ಮ್ಯಾನೇಜರ್‌ಗೆ ಕಾಣ್ಬಾರ್ದು ಅಷ್ಟೇ.

ಅಪ್ರೈಸಲ್. ಇದಕ್ಕೆ ನನ್ನ ಉತ್ತರ ಬೇಡ. ಸ್ವಲ್ಪ ಬೇಡ ಅಂತ ಅಲ್ಲ, ಪೂರ್ತಿ ಬೇಡ.

ಕ್ವಿಜ್ ಸ್ಕೋರ್ ಏನನ್ನ ಅಳೆಯತ್ತೆ ಯೋಚ್ನೆ ಮಾಡಿ. ಓದೋ ವೇಗ, ಮೊಬೈಲ್ ಒತ್ತೋ ಅಭ್ಯಾಸ, ನಾಲ್ಕು ಆಯ್ಕೇಲಿ ಉದ್ದ ಇರೋದೇ ಸರಿ ಉತ್ತರ ಅನ್ನೋ ಚಾಲಾಕಿ. (ಎಐ ಬರೆದ ಪ್ರಶ್ನೆಗಳಲ್ಲಿ ಸರಿ ಉತ್ತರ ಎಷ್ಟೋ ಸಲ ಉದ್ದ ಇರತ್ತೆ, ನಿಮ್ಮದ್ರಲ್ಲೂ ನೋಡಿ.) ನನ್ನ ಜೊತೆ ಕೆಲಸ ಮಾಡಿದ ಒಬ್ಬ ವೆಲ್ಡರ್ ಅಣ್ಣ ಇದ್ರು, ಅವ್ರ ವೆಲ್ಡ್ ಎಕ್ಸ್‌ರೇಲಿ ಫೇಲ್ ಆಗಿದ್ದು ನಾನು ನೋಡಿಲ್ಲ, ಕ್ವಿಜ್‌ನಲ್ಲಿ ಹತ್ತಕ್ಕೆ ಮೂರು. ಕರೆಂಟ್ ಎಷ್ಟಿಡ್ಬೇಕು ಅನ್ನೋದು ಅವ್ರಿಗೆ ಸದ್ದಲ್ಲಿ ಗೊತ್ತಾಗ್ತಿತ್ತು, ಆಯ್ಕೆ 'ಸಿ'ಲಿ ಅಲ್ಲ. ಆ ಮೂರನ್ನ ತಗೊಂಡೋಗಿ ಇನ್ಕ್ರಿಮೆಂಟ್‌ಗೆ ಕಟ್ಟಿದ್ರೆ ಮೊದಲ ತಿಂಗಳು ಅವ್ರಿಗೆ ಅನ್ಯಾಯ ಆಗತ್ತೆ, ಎರಡನೇ ತಿಂಗಳು ಲೈನಲ್ಲಿರೋ ಒಬ್ಬ ಚೂಟಿ ಹುಡುಗ ಎಲ್ಲರ ಮೊಬೈಲ್ ಇಸ್ಕೊಂಡು ಎಲ್ಲರದ್ದೂ ಕ್ವಿಜ್ ತುಂಬ್ತಾನೆ. ಮೂರನೇ ತಿಂಗಳು ಅವನೂ ತುಂಬಲ್ಲ, ಎಐ ಬರೆದ ಪ್ರಶ್ನೆಗೆ ಎಐ ಕೈಲೇ ಉತ್ತರ ಹಾಕ್ಸ್ತಾನೆ, ನಿಮ್ಮ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಕಿರ್ಕ್‌ಪ್ಯಾಟ್ರಿಕ್ 1959ರಿಂದ ಹೇಳ್ತಾ ಬಂದ, ಟ್ರೈನಿಂಗ್ ಫಲ ಅಳೆಯೋ ನಾಲ್ಕು ಮಟ್ಟ ನಿಮ್ಗೆ ಗೊತ್ತೇ ಇರತ್ತೆ, ಕ್ವಿಜ್ ಎರಡನೇದು, ಕೆಲಸದಲ್ಲಿ ನಡವಳಿಕೆ ಬದಲಾಯ್ತಾ ಅನ್ನೋದು ಮೂರನೇದು, ಎರಡರಿಂದ ಮೂರಕ್ಕೆ ತಾನಾಗೇ ಬಸ್ ಹೋಗಲ್ಲ.

ನಿಮ್ಮ ಕಂಪನಿ ಆಟೋ ಲೈನ್ ಆಗಿರೋದ್ರಿಂದ ಐಎಟಿಎಫ್ 16949, ಅಂದ್ರೆ ಆಟೋ ಉದ್ಯಮದ ಕ್ವಾಲಿಟಿ ಸ್ಟ್ಯಾಂಡರ್ಡ್, ಇರತ್ತೆ ಅಂದ್ಕೋತೀನಿ. ಅದ್ರಲ್ಲೂ ಐಎಸ್‌ಒ 9001ರಲ್ಲೂ 7.2ನೇ ಕಲಂ ಕೇಳೋದು ಕಾಂಪಿಟೆನ್ಸ್, ಅಂದ್ರೆ ಕೆಲಸ ಬರತ್ತಾ ಅಂತ. ಐಎಟಿಎಫ್‌ನಲ್ಲಿ ಆನ್ ದ ಜಾಬ್ ಟ್ರೈನಿಂಗ್‌ಗೇ ಬೇರೆ ಕಲಂ ಇದೆ, 7.2.2. ಯಾರಿಗೆ ಯಾವ ಕೆಲಸ ಎಷ್ಟು ಬರತ್ತೆ ಅಂತ ತೋರ್ಸೋ ಸ್ಕಿಲ್ ಮ್ಯಾಟ್ರಿಕ್ಸ್‌ನಲ್ಲಿ ಒಬ್ಬನ್ನ ಒಂದು ಲೆವೆಲ್ ಮೇಲೆ ಹಾಕೋದು ಅವನು ಜಾಬ್ ಮಾಡಿ ತೋರ್ಸಿದ್ಮೇಲೆ, ಸೂಪರ್‌ವೈಸರ್ ಕಣ್ಣಾರೆ ನೋಡಿ ಸಹಿ ಹಾಕಿದ್ಮೇಲೆ. ಎಂಡಿಗೆ ನನ್ನ ತತ್ವ ಬೇಡ, ಆಡಿಟ್ ಸಾಕು. 'ಸರ್, ಆಡಿಟರ್ ಬಂದು ಆಪರೇಟರ್‌ನ ನಿಲ್ಸಿ ಕೇಳ್ದಾಗ ಎಲ್ಲರದ್ದೂ 100 ಪರ್ಸೆಂಟ್ ಇದೆ ಒಬ್ಬನಿಗೂ ಬರಲ್ಲ ಅಂದ್ರೆ ಎನ್‌ಸಿ ಬರತ್ತೆ' ಅನ್ನಿ, ಅಂದ್ರೆ ಸ್ಟ್ಯಾಂಡರ್ಡ್ ಪಾಲಿಸಿಲ್ಲ ಅಂತ ಆಡಿಟರ್ ಬರೆಯೋ ತಕರಾರು. ಎನ್‌ಸಿ ಅಂದ್ರೆ ಎಂಥಾ ಎಂಡಿಗೂ ಅರ್ಥ ಆಗತ್ತೆ.

ಹಂಗಾದ್ರೆ ಕ್ವಿಜ್ ಯಾಕೆ? ಯಾರಿಗೆ ಏನು ಬಂದಿಲ್ಲ ಅಂತ ನಿಮ್ಗೆ ಗೊತ್ತಾಗೋಕೆ. 80 ಜನರಲ್ಲಿ 60 ಜನ ಒಂದೇ ಪ್ರಶ್ನೆ ತಪ್ಪಿದ್ರೆ ಆ 60 ಜನ ದಡ್ಡರಲ್ಲ, ನಿಮ್ಮ ಮಾಡ್ಯೂಲ್‌ನಲ್ಲಿ ಆ ಭಾಗ ಸರಿ ಇಲ್ಲ.

ಕ್ಯಾಮೆರಾ ವೆಂಡರ್‌ಗೆ ಟೀ ಕೊಟ್ಟು ಕಳ್ಸಿ. ಕೆಲಸದ ಜಾಗದಲ್ಲಿ ಮತ್ತೆ ಶಾಲೆ ಕಾಲೇಜಲ್ಲಿ ಜನರ ಭಾವನೆಯನ್ನ ಮುಖ ನೋಡಿ ಊಹಿಸೋ ಎಐಯನ್ನ ಯುರೋಪಿಯನ್ ಯೂನಿಯನ್ ತನ್ನ ಎಐ ಕಾಯ್ದೇಲಿ ನಿಷೇಧನೇ ಮಾಡಿದೆ, 2025ರ ಫೆಬ್ರವರಿ 2ರಿಂದ ಜಾರಿ, ವೈದ್ಯಕೀಯ ಮತ್ತೆ ಸುರಕ್ಷತೆ ಕಾರಣಕ್ಕೆ ಮಾತ್ರ ವಿನಾಯ್ತಿ. ಪೀಣ್ಯಕ್ಕೆ ಆ ಕಾಯ್ದೆ ನೇರ ಅನ್ವಯ ಆಗದೇ ಇರಬಹುದು, ಆದ್ರೆ ಅಲ್ಲಿ ಮಾರಕ್ಕಾಗದೇ ಇರೋ ಸರಕನ್ನ ನಾವ್ಯಾಕೆ ಕೊಳ್ಬೇಕು? ಸೆಕೆಂಡ್ ಶಿಫ್ಟ್ ಮುಗಿಸಿ ಕೂತೋನ ಕಣ್ಣು ಎಳೀತಿರತ್ತೆ ಆದ್ರೂ ಕೇಳಿಸ್ಕೋತಿರ್ತಾನೆ, ಇನ್ನೊಬ್ಬ ನೆಟ್ಟಗೆ ಕೂತು ಊರಲ್ಲಿ ಬೋರ್‌ವೆಲ್ ಕೊರೆಸೋ ಲೆಕ್ಕ ಹಾಕ್ತಿರ್ತಾನೆ. ಗಮನ ಇದ್ಯಾ ಅಂತ ಗೊತ್ತಾಗ್ಬೇಕಾದ್ರೆ ಒಂದು ಪ್ರಶ್ನೆ ಕೇಳಿದ್ರಾಯ್ತು.

ಡೇಟಾ ವಿಷ್ಯ ಚುಟುಕಾಗಿ ಹೇಳ್ತೀನಿ, ಆದ್ರೆ ಗಟ್ಟಿ ನೆನಪಿಟ್ಕೊಳ್ಳಿ. 2023ರಲ್ಲಿ ಸ್ಯಾಮ್‌ಸಂಗ್ ಇಂಜಿನಿಯರ್‌ಗಳು ಕಂಪನಿಯ ಸೋರ್ಸ್ ಕೋಡ್ ತಗೊಂಡೋಗಿ ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ ಕಂಪನಿ ಇಂಥಾ ಟೂಲ್‌ಗಳನ್ನೇ ಬಂದ್ ಮಾಡಿತ್ತು. ನಿಮ್ಮಲ್ಲಿ ಕೋಡ್ ಇರಲ್ಲ, ಕಸ್ಟಮರ್ ಡ್ರಾಯಿಂಗ್ ಇರತ್ತೆ, ಅದರ ಮೇಲೆ ಗೋಪ್ಯತೆ ಒಪ್ಪಂದ ಇರತ್ತೆ. ಎಸ್‌ಒಪಿ (ಕೆಲಸ ಮಾಡೋ ಹೆಜ್ಜೆಗಳ ಹಾಳೆ) ಬರೆಸೋಕೆ ಡ್ರಾಯಿಂಗ್ ಫ್ರೀ ಅಕೌಂಟ್‌ಗೆ ಹಾಕ್ಬೇಡಿ, ಫ್ರೀ ಅಕೌಂಟ್‌ಗಳಲ್ಲಿ ನೀವು ಹಾಕಿದ್ದು ಮಾಡೆಲ್ ಟ್ರೈನಿಂಗ್‌ಗೆ ಹೋಗೋ ಸಾಧ್ಯತೆ ಇರತ್ತೆ, ಸೆಟ್ಟಿಂಗ್ ನೋಡಿ, ಕಂಪನಿ ಹೆಸರಲ್ಲಿ ಬಿಸಿನೆಸ್ ಅಕೌಂಟ್ ತಗೊಂಡು ಕರಾರು ಓದಿ. ಆಕ್ಸಿಡೆಂಟ್ ರಿಪೋರ್ಟ್‌ನಿಂದ ಕೇಸ್ ಸ್ಟಡಿ ಮಾಡ್ಸೋವಾಗ ಹೆಸರು, ಟೋಕನ್ ನಂಬರ್, ಊರು ತೆಗೆದು ಹಾಕಿ, 'ಒಬ್ಬ ಆಪರೇಟರ್' ಸಾಕು. ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರದ್ದು, ಅದರ ರೂಲ್ಸ್ 2025ರ ನವೆಂಬರ್‌ನಲ್ಲಿ ಬಂತು, ಮುಖ್ಯ ಜವಾಬ್ದಾರಿಗಳು 18 ತಿಂಗಳಾದ್ಮೇಲೆ ಜಾರಿ. ಉದ್ಯೋಗದ ಉದ್ದೇಶಕ್ಕೆ ಕೆಲವು ಡೇಟಾ ಒಪ್ಪಿಗೆ ಇಲ್ದೇನೂ ಬಳಸೋಕೆ ಅದ್ರಲ್ಲಿ ಅವಕಾಶ ಇದೆ ನಿಜ, ಆದ್ರೆ ಹಂಗಂತ ಜೋಪಾನ ಮಾಡೋ ಹೊಣೆ ಹೋಗಲ್ಲ, ಜೋಪಾನ ಮಾಡದೇ ಇದ್ರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಕಾನೂನು ಬಿಡಿ, ಬೆರಳು ಕಳ್ಕೊಂಡವ್ನ ಕಥೆ ಅವನ ಹೆಸರಿನ ಸಮೇತ ಸ್ಲೈಡ್‌ನಲ್ಲಿ ಬಂದ್ರೆ ಅವನ ಹೆಂಡ್ತಿ ಅದೇ ಫ್ಯಾಕ್ಟರಿ ಪ್ಯಾಕಿಂಗ್‌ನಲ್ಲಿ ಕೆಲಸ ಮಾಡ್ತಿರ್ತಾಳೆ.

ಎಚ್‌ಆರ್ ಪಾಲಿಸಿ ಕೇಳಿದ್ರೆ ಉತ್ತರ ಹೇಳೋ ಬಾಟ್ ಮಾಡೋ ಆಸೆ ಎಲ್ಲಾ ಕಂಪನಿಗೂ ಇದೆ. ಏರ್ ಕೆನಡಾದ ಬಾಟ್ ಒಬ್ಬ ಪ್ರಯಾಣಿಕನಿಗೆ ಸಾವಿನ ಸಂದರ್ಭದ ರಿಯಾಯ್ತಿ ಟಿಕೆಟ್ ಬಗ್ಗೆ ತಪ್ಪು ಹೇಳಿತ್ತು, ಕೇಸ್ ಆದಾಗ ಬಾಟ್ ತಪ್ಪಿಗೆ ನಾವು ಹೊಣೆ ಅಲ್ಲ ಅನ್ನೋ ಧಾಟೀಲಿ ಕಂಪನಿ ವಾದ ಮಾಡ್ತು, 2024ರ ಫೆಬ್ರವರಿಯಲ್ಲಿ ಅಲ್ಲಿನ ಟ್ರಿಬ್ಯುನಲ್ ಒಪ್ಲಿಲ್ಲ, ದುಡ್ಡು ಕೊಡ್ಸ್ತು. ನಿಮ್ಮ ಬಾಟ್ ಗ್ರಾಚ್ಯುಟಿ ಬಗ್ಗೆ ಏನೋ ಹೇಳಿದ್ರೆ ಅದು ನೀವು ಹೇಳಿದ ಹಾಗೇ. ಯಾರನ್ನ ಸೂಪರ್‌ವೈಸರ್ ಟ್ರೈನಿಂಗ್‌ಗೆ ಕಳಿಸ್ಬೇಕು ಅಂತ ಎಐ ಕೈಲಿ ಆರಿಸೋದೂ ಅಷ್ಟೇ. ಹಳೇ ರೆಕಾರ್ಡ್‌ನಲ್ಲಿ ಎಲ್ಲಾ ಗಂಡಸರೇ ಸೂಪರ್‌ವೈಸರ್ ಆಗಿದ್ರೆ ಅದು ಮುಂದಕ್ಕೂ ಗಂಡಸರನ್ನೇ ತೋರ್ಸತ್ತೆ, ಅಮೆಜಾನ್ ತನ್ನ ನೇಮಕಾತಿಗೆ ಮಾಡ್ಕೊಂಡಿದ್ದ ಅಂಥದ್ದೇ ಟೂಲ್ ಹೆಂಗಸರ ಅರ್ಜಿಗೆ ಅಂಕ ಇಳಿಸ್ತಿತ್ತು ಅಂತ 2018ರಲ್ಲಿ ಸುದ್ದಿ ಆಗಿ, ಅದನ್ನ ಕೈಬಿಟ್ಟಿದ್ದೂ ಹೊರಗೆ ಬಂತು.

ಹೊರಗಿನ ಟ್ರೈನರ್ ಬೇಕಾ? ಪ್ರಾಮಾಣಿಕವಾಗಿ ಹೇಳ್ಬೇಕು ಅಂದ್ರೆ ಎಲ್ಲರೂ ಬೇಡ, ಎರಡು ಗಂಟೆ ಸ್ಲೈಡ್ ಓದಿ ಊಟ ಮಾಡಿ ಹೋಗೋರನ್ನ ನಾನೂ ನೋಡಿದ್ದೀನಿ. ಅವ್ರ ಬದ್ಲು ನಿಮ್ಮಲ್ಲೇ ಇರೋ ಹಳಬರನ್ನ ಹಿಡೀರಿ. ಆದ್ರೆ ಇದ್ರಲ್ಲೂ ಒಂದು ಮಾತಿದೆ. ಒಂದು ಕಡೆ ರಿಟೈರ್ ಆಗೋಕೆ ಬಂದಿದ್ದ ಹುಬ್ಬಳ್ಳಿ ಕಡೆ ಫೋರ್‌ಮನ್ ಒಬ್ರ ಧ್ವನಿಯನ್ನ ಎಐಲಿ ಕಾಪಿ ಮಾಡಿ ಟ್ರೈನಿಂಗ್ ವೀಡಿಯೋಗೆ ಹಾಕಿದ್ರು, ಅವ್ರನ್ನ ಕೇಳ್ಲೇ ಇಲ್ಲ. ಧ್ವನಿ ಅವ್ರದ್ದೇ, ಮಾತು 'ದಯವಿಟ್ಟು ಸುರಕ್ಷತಾ ಪಾದರಕ್ಷೆಗಳನ್ನು ಧರಿಸಿ'. ಹುಡುಗ್ರಿಗೆ ನಗು ತಡೆಯೋಕಾಗ್ಲಿಲ್ಲ, ಯಾಕಂದ್ರೆ ಆ ಮನುಷ್ಯ ಮೂವತ್ತು ವರ್ಷ 'ಏ, ಬೂಟು ಹಾಕ್ಕೊಳ್ಲೇ ಮಗನ' ಬಿಟ್ರೆ ಬೇರೆ ಹೇಳಿದ್ದೇ ಇಲ್ಲ. ಅವ್ರಿಗೆ ಮಾತ್ರ ನಗು ಬರ್ಲಿಲ್ಲ, 'ನನ್ನ ದನೀಗೆ ರೊಕ್ಕ ಕೊಡೂದು ಬ್ಯಾಡ, ಕೇಳಿದ್ರ ಸಾಕಿತ್ತು' ಅಂದ್ರಂತೆ. ಧ್ವನಿ, ಮುಖ ಯಾವುದನ್ನೇ ಬಳಸೋದಿದ್ರೂ ಬರವಣಿಗೇಲಿ ಒಪ್ಪಿಗೆ, ಎಷ್ಟು ವರ್ಷಕ್ಕೆ, ಕೆಲಸ ಬಿಟ್ಮೇಲೆ ತೆಗೀತೀರಾ ಇಲ್ವಾ ಅನ್ನೋದು ಸ್ಪಷ್ಟ ಇರ್ಲಿ. ಅದಕ್ಕಿಂತ ಸುಲಭ ದಾರಿ, ಅವ್ರ ಪಕ್ಕ ಮೊಬೈಲ್ ಹಿಡ್ಕೊಂಡು ನಿಂತು ಅವ್ರು ಹೇಳಿದ್ದನ್ನೇ ರೆಕಾರ್ಡ್ ಮಾಡಿ, ಎಐಗೆ ಅದನ್ನ ಬರಹಕ್ಕೆ ಇಳಿಸಿ ಹೆಜ್ಜೆ ಹೆಜ್ಜೆಯಾಗಿ ಜೋಡ್ಸು ಅನ್ನಿ, ಅವ್ರ ಮಾತು ಬದಲಾಯಿಸ್ಬೇಡ ಅನ್ನಿ.

ಈಗ ಎಂಡಿಗೆ ಏನು ಹೇಳೋದು. ಎರಡು ವಾರಕ್ಕೆ 40 ಫೈಲ್ ಆಗತ್ತೆ ಸರ್, ನಾಳೆನೇ ಬೇಕಾದ್ರೂ ಆಗತ್ತೆ, ಮಿಷನ್ ಪಕ್ಕ ನಿಂತು ಚೆಕ್ ಮಾಡಿದ್ದು ಆರು ಆಗತ್ತೆ ಅನ್ನಿ. ಯಾವ ಆರು ಅಂತ ಎಐನ ಕೇಳ್ಬೇಡಿ. ಕಳೆದ ಎರಡು ವರ್ಷದ ಆಕ್ಸಿಡೆಂಟ್ ರಿಜಿಸ್ಟರ್ ಮತ್ತೆ ರಿಜೆಕ್ಷನ್ ಶೀಟ್ ತಗೊಂಡು ಮೆಂಟೆನೆನ್ಸ್ ಇನ್‌ಚಾರ್ಜ್ ಮುಂದೆ ಒಂದು ಗಂಟೆ ಕೂತ್ಕೊಳ್ಳಿ, ಅವ್ರೇ ಬೆರಳಿಟ್ಟು ತೋರಿಸ್ತಾರೆ. ಪೋಶ್ ಆ ಆರರಲ್ಲಿ ಒಂದಾಗ್ಲಿ. ಮಿಕ್ಕಿದ 34ರಲ್ಲಿ ಒಂದು ಹತ್ತಾದ್ರೂ ಬೇಡವೇ ಬೇಡ ಅಂತ ಅಲ್ಲೇ ಗೊತ್ತಾದ್ರೆ ಆಶ್ಚರ್ಯ ಪಡ್ಬೇಡಿ.